ಗಿಡದಲ್ಲಿ ಹಸುರು ಎಲ್ಲಿರುವುದು, ಯಾಕೆ?

ಸೂಕ್ಷ್ಮದರ್ಶಕ ಯಂತ್ರದ ಮುಂದೆ ಮೊದಲನೆಯ ಸಲ ಕುಳಿತುಕೊಳ್ಳುವ ವಿದ್ಯಾರ್ಥಿನಿಗೆ ಉಪಾಧ್ಯಾಯಿನಿಯು ತೋರಿಸುವ ವಸ್ತುವು ಬಹುಮಟ್ಟಿಗೆ ನೀರುಳ್ಳಿಯ ಪೊರೆಯೇ. ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಆ ನೋಟವನ್ನು ಮರೆತಿರಲಾರರು. ಇಟ್ಟಿಗೆಗಳನ್ನು ಸಾಲಾಗಿ ಜೋಡಿಸಿದಂತೆ ಕೋಶಗಳು, ಅಯೊಡಿನ್ ದ್ರವದ ಒಂದು ತೊಟ್ಟು ಬಿದ್ದ ಮೇಲೆ ಪ್ರತಿಯೊಂದರಲ್ಲಿಯೂ ಕಾಣಿಸುವ ಒಂದು ದುಂಡಾದ ಕೋಶಕೇಂದ್ರ, ಅಷ್ಟೇ. ಆದರೆ ಪಠ್ಯಪುಸ್ತಕದಲ್ಲಿರುವ ಸಸ್ಯಕೋಶದ ಚಿತ್ರದಲ್ಲಿ ಹಸುರು ಬಣ್ಣದ ಕಣಗಳು ಹತ್ತಾರು ಬರೆಯಲ್ಪಟ್ಟಿರುತ್ತವೆ. “ಟೀಚರ್, ಪುಸ್ತಕದ ಹಸುರು ಇದರಲ್ಲಿ ಎಲ್ಲಿದೆ?” ಎಂದು ಯಾವಳಾದರೂ ಒಬ್ಬಳು ಕೇಳಿಯೇ ಕೇಳುವಳು. ನೀರುಳ್ಳಿಯು ಮಣ್ಣಿನೊಳಗೆ ಬೆಳೆಯುವುದರಿಂದ ಅದರಲ್ಲಿ ಹಸುರಿಲ್ಲವೆಂದು ಹೇಳಿ ಪಾಠವನ್ನು ಮುಂದುವರಿಸುವುದು ವಾಡಿಕೆ. ಈ ಉತ್ತರವು ಸುಳ್ಳಲ್ಲ. ಆದರೆ ಅರ್ಧ ಮಾತ್ರ. ಯಾಕಂದರೆ ನೀರುಳ್ಳಿಯ ಗಡ್ಡೆಯ ಪದರಗಳು ಬೇರಲ್ಲ, ಎಲೆಗಳೇ, ಎಂದರೆ ಎಲೆಗಳ ಉಬ್ಬಿದ ಬುಡಗಳು. ಅಷ್ಟು ಮಾತ್ರವಲ್ಲ, ಅದೇ ಗಿಡದ ಹಚ್ಚಹಸುರಾದ ಎಲೆಯಿಂದ ಸಿಪ್ಪೆಯನ್ನು ತೆಗೆದು ನೋಡಿದರೂ ಆ ಸಿಪ್ಪೆಯ ಹೆಚ್ಚಿನ ಕೋಶಗಳಲ್ಲಿ ಹಸುರು ಕಾಣದು. ಆದಕಾರಣ ಆ ಹುಡುಗಿಯ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಇಡೀ ಗಿಡವನ್ನೇ ಒಮ್ಮೆ ಸುತ್ತಿ ಬರಬೇಕು.

ಎಲೆಯ ಹಸುರು ಬಣ್ಣವು ನೀರಿನಲ್ಲಿ ಕದಡಿದ ಬಣ್ಣದಂತೆ ಕೋಶದ ತುಂಬ ಹರಡಿಕೊಂಡಿರುವುದಿಲ್ಲ. ಅದು ಕ್ಲೋರೋಪ್ಲಾಸ್ಟುಗಳೆಂಬ ಚಿಕ್ಕ ಕಣಗಳಲ್ಲಿ ಮಾತ್ರ ಇರುತ್ತದೆ. ಈ ಲೇಖನದಲ್ಲಿ ಅವುಗಳನ್ನು ಹಸುರುಕಣಗಳೆಂದು ಕರೆಯೋಣ. ಅವುಗಳೊಳಗಿನ ಬಣ್ಣವೇ ಪತ್ರಹರಿತ್ತು. ಒಂದು ಕಣದ ಉದ್ದವು ಒಂದು ಮಿಲಿಮೀಟರಿನ ಇನ್ನೂರರಲ್ಲಿ ಒಂದು ಪಾಲಿನಷ್ಟು. ಜರ್ಮನಿಯ ಹ್ಯೂಗೋ ಫಾನ್ ಮೋಲ್ ಎಂಬ ಪಂಡಿತನು 1837ರಲ್ಲಿಯೇ ಇವುಗಳನ್ನು ಸರಿಯಾಗಿ ವರ್ಣಿಸಿದ್ದನು. ಇವುಗಳ ಕೆಲಸವೇನೆಂಬುದು ಬೇರೊಂದು ದಾರಿಯಿಂದ ತಿಳಿದುಬಂತು. ಹಾಲೆಂಡಿನಲ್ಲಿ ಹುಟ್ಟಿದ ಇಂಗೆನ್‌ಹೌಸ್ ಎಂಬ ವೈದ್ಯನು 1779ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ಗಿಡಗಳ ಹಸುರಾದ ಭಾಗಗಳು ಮಾತ್ರವೇ, ಅದೂ ಬೆಳಕಿನಲ್ಲಿ ಮಾತ್ರವೇ, ಗಾಳಿಯನ್ನು ಶುದ್ಧಿಮಾಡುತ್ತವೆಂದು ತೋರಿಸಿದನು. ನೂರು ವರ್ಷಗಳ ತರುವಾಯ, 1880ರ ಬಳಿಕದ ಎರಡು ಮೂರು ವರ್ಷಗಳಲ್ಲಿ, ಎಂಗೆಲ್ಮನ್ ಎಂಬವನು ಸ್ಪೈರೋಗೈರ ಎಂಬ ನೀರಿನ ಪಾಚಿಯನ್ನು ತೆಗೆದುಕೊಂಡು, ಆಮ್ಲಜನಕವಿದ್ದಲ್ಲಿಗೆ ಓಡಿಬರುವ ಸ್ವಭಾವವುಳ್ಳ ಬ್ಯಾಕ್ಟೀರಿಯಗಳನ್ನು ಅದರೊಂದಿಗೆ ಬಿಟ್ಟು, ಸೂಜಿಯಷ್ಟು ಸಣ್ಣದಾದ ಬೆಳಕಿನ ಕಿರಣವನ್ನು ಅದರ ಮೇಲೆ ಹಾಯಿಸಿದನು. ಕಿರಣವು ಕೋಶದ ಬೇರೆ ಭಾಗಕ್ಕೆ ಬಿದ್ದಾಗ ಅವು ಸುಮ್ಮನಿದ್ದವು. ಸುರುಳಿಯಾಗಿ ಸುತ್ತಿದ ಹಸುರು ಪಟ್ಟಿಗೆ ತಾಗಿದ ಕೂಡಲೇ ಅಲ್ಲಿಗೆ ಬಂದು ಮುತ್ತಿಕೊಂಡವು. ಗಾಳಿಯಲ್ಲಿರುವ ಇಂಗಾಲಾಮ್ಲವಾಯುವನ್ನೂ ಬೇರು ತಂದುಕೊಟ್ಟ ನೀರನ್ನೂ ಸೂರ್ಯನ ಬೆಳಕಿನ ಬಲದಿಂದ ಸಕ್ಕರೆಯನ್ನಾಗಿ ಮಾಡಿ ಆಮ್ಲಜನಕವನ್ನು ಹೊರಗೆ ಬಿಡುವ ಕಾರ್ಯಾಲಯವು ಆ ಕಣವೇ ಎಂಬುದಕ್ಕೆ ಇದಕ್ಕಿಂತ ಅಂದವಾದ ಸಾಕ್ಷಿಯನ್ನು ನಾನು ಕಂಡಿಲ್ಲ.

ಬೆಳಕು, ಗಾಳಿ, ನೀರು ಈ ಮೂರೂ ಕೂಡುವ ಸ್ಥಳದಲ್ಲಿ ಕಾರ್ಯಾಲಯವಿರಬೇಕಷ್ಟೆ. ಎಲೆಯ ಒಳಗನ್ನು ಹೊಕ್ಕು ನೋಡಿದರೆ ಈ ನಿಯಮವನ್ನು ಎಷ್ಟು ಸೂಕ್ಷ್ಮವಾಗಿ ಪಾಲಿಸಿದೆಯೆಂಬುದು ಗೊತ್ತಾಗುವುದು. ನಮ್ಮ ಹಿತ್ತಲುಗಳಲ್ಲಿ ತಾನಾಗಿ ಹುಟ್ಟುವ ಹರಳುಗಿಡದ ಎಲೆಯನ್ನೇ ತೆಗೆದುಕೊಳ್ಳೋಣ. ಮೇಲುಗಡೆಯ ಸಿಪ್ಪೆಯು ಕಿಟಕಿಯ ಗಾಜಿನಂತೆ ಬಣ್ಣವಿಲ್ಲದ್ದು. ಅದರ ಕೆಳಗೆ ಕಂಬಗಳನ್ನು ಒತ್ತೊತ್ತಾಗಿ ನಿಲ್ಲಿಸಿದಂತೆ ಉದ್ದುದ್ದ ಕೋಶಗಳ ಸಾಲಿದೆ. ಅದಕ್ಕೂ ಕೆಳಗೆ ಸಡಿಲಾದ, ನಡುನಡುವೆ ಗಾಳಿಯಾಡಲು ತೆರವುಳ್ಳ ಕೋಶಗಳು. ಕಡೆಗೆ ಕೆಳಗಣ ಸಿಪ್ಪೆ. ಹರಳಿನ ಎಲೆಯ ಒಂದು ಚದರ ಮಿಲಿಮೀಟರಿನಷ್ಟು ಜಾಗದಲ್ಲಿ ನಾಲ್ಕೈದು ಲಕ್ಷ ಹಸುರುಕಣಗಳಿವೆಯೆಂದೂ, ಐದು ಪಾಲಿನಲ್ಲಿ ಸುಮಾರು ನಾಲ್ಕು ಪಾಲು ಕಂಬದ ಸಾಲಿನಲ್ಲಿಯೇ ಇವೆಯೆಂದೂ ಎಣಿಸಿ ನೋಡಿದ್ದಾರೆ. ಎಲೆಯ ಮೇಲುಗಡೆ ಹೆಚ್ಚು ಹಸುರಾಗಿಯೂ ಕೆಳಗಡೆ ಮಾಸಿದಂತೆಯೂ ತೋರುವುದಕ್ಕೆ ಒಂದು ಮುಖ್ಯ ಕಾರಣವು ಇದೇ. ಬೆಳಕು ಮೊದಲು ಬೀಳುವಲ್ಲಿ ಕೆಲಸದವರು ಹೆಚ್ಚು.

ಕೋಶದ ಒಳಗಾದರೂ ಅವು ಎಲ್ಲೆಂದರಲ್ಲಿ ತೇಲುತ್ತಿರುವುದಿಲ್ಲ. ಗೋಡೆಯನ್ನು ಒತ್ತಿಕೊಂಡು ಅಂಚಿನಲ್ಲಿ ಸಾಲುಗೂಡಿರುತ್ತವೆ. ಇದಕ್ಕೆ ಕಾರಣವು ಗಾಳಿ. ಇಂಗಾಲಾಮ್ಲವಾಯುವು ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಹರಡುವುದು ಸುಮಾರು ಹತ್ತು ಸಾವಿರ ಪಾಲು ನಿಧಾನ. ಕಣವು ಕೋಶದ ನಡುವೆ ಕುಳಿತಿದ್ದರೆ ವಾಯುವು ಅಲ್ಲಿಗೆ ಮುಟ್ಟುವಷ್ಟರಲ್ಲಿ ಹೊತ್ತು ಹೋದೀತು. ಗೋಡೆಯ ಮಗ್ಗುಲಲ್ಲಿದ್ದರೆ ಆ ನೀರುದಾರಿಯು ಬಹಳ ಕಿರಿದಾಗುತ್ತದೆ. ಬೆಳಕು ಮಂದವಾಗಿರುವಾಗ ಈ ಕಣಗಳು ಬೆಳಕಿಗೆ ಅಭಿಮುಖವಾದ ಗೋಡೆಗಳಿಗೆ ಸರಿದು ಮೈಯೊಡ್ಡುತ್ತವೆ, ಬಿಸಿಲು ಮಿತಿಮೀರಿದಾಗ ಪಕ್ಕದ ಗೋಡೆಗಳಿಗೆ ಹೋಗಿ ಒಂದರ ನೆರಳಿನಲ್ಲಿ ಒಂದು ನಿಲ್ಲುತ್ತವೆ. ಬೇಕಾದುದಕ್ಕಿಂತ ಹೆಚ್ಚಿನ ಬೆಳಕು ಅವುಗಳಿಗೂ ಅಪಾಯಕರವೇ.

ಇನ್ನು ಆ ಬಣ್ಣವಿಲ್ಲದ ಸಿಪ್ಪೆಯ ವಿಷಯ. ಶಾಲೆಗಳ ಅಂಗಳದಲ್ಲಿ ಅಂಚುಗಟ್ಟಿ ಬೆಳೆಸುವ, ಮೇಲೆ ಹಸುರಾಗಿಯೂ ಅಡಿಯಲ್ಲಿ ನೇರಳೆಯಾಗಿಯೂ ಇರುವ ಕತ್ತಿಯಾಕಾರದ ಎಲೆಯ ರೋಯೊ ಗಿಡವನ್ನು ಎಲ್ಲರೂ ಬಲ್ಲರು. ಅದರ ಎಲೆಯನ್ನು ಓರೆಯಾಗಿ ಹರಿದು ಅಡಿಯ ನೇರಳೆ ಪೊರೆಯನ್ನು ಯಂತ್ರದ ಕೆಳಗಿಟ್ಟರೆ, ನೇರಳೆ ಬಣ್ಣದ ಬಯಲಿನಲ್ಲಿ ಅಲ್ಲಲ್ಲಿ ಎರಡು ಹುರುಳಿಕಾಳುಗಳನ್ನು ಎದುರುಬದುರಾಗಿ ಇಟ್ಟಂತೆ ಜೋಡಿಕೋಶಗಳು ಕಾಣುವುವು. ಗಾಳಿಯು ಒಳಗೆ ಬರುವ ಪತ್ರರಂಧ್ರಗಳನ್ನು ಕಾಯುವ ಕಾವಲು ಕೋಶಗಳಿವು. ಇವುಗಳಲ್ಲಿ ಮಾತ್ರ ಹಸುರುಕಣಗಳು ಸ್ಪಷ್ಟವಾಗಿರುತ್ತವೆ. ಬಾಗಿಲನ್ನು ತೆರೆಯುವುದಕ್ಕೂ ಮುಚ್ಚುವುದಕ್ಕೂ ಬೇಕಾಗುವ ಶಕ್ತಿಯಲ್ಲಿ ಒಂದು ಪಾಲನ್ನು ಅವು ಅಲ್ಲಿಯೇ ಒದಗಿಸುತ್ತವೆ. ಆದರೆ ಬಾಗಿಲು ತೆರೆಯುವುದು ಅವುಗಳಿಂದಲೇ ಎಂದು ಪರೀಕ್ಷೆಯ ಉತ್ತರಪತ್ರದಲ್ಲಿ ಬರೆಯುವ ಹುಡುಗಿಯರು ಇಷ್ಟನ್ನು ಗಮನಿಸಬೇಕು: ಪ್ಯಾಫಿಯೋಪೆಡಿಲಮ್ ಎಂಬ ಆರ್ಕಿಡ್ ಗಿಡಗಳ ಕಾವಲು ಕೋಶಗಳಲ್ಲಿ ಹಸುರುಕಣಗಳೇ ಇಲ್ಲ, ಆದರೂ ಅವುಗಳ ಬಾಗಿಲುಗಳು ತೆರೆದು ಮುಚ್ಚುತ್ತವೆ.

ನೆಲದ ಗಿಡಗಳ ಸಿಪ್ಪೆಗೆ ಬೇರೆ ಕೆಲಸವಿದೆ. ಒಳಗಿನ ತೇವವು ಆರಿಹೋಗದಂತೆ ಮೇಣವನ್ನು ಹಚ್ಚಿಕೊಂಡು ಕಾಯುವುದು, ಬೆಳಕನ್ನು ತಡೆಯದೆ ಒಳಗೆ ಬಿಡುವುದು. ಈ ಕೆಲಸವು ಬೇಡವಾದಲ್ಲಿ ಏನಾಗುವುದೆಂಬುದನ್ನು ಕೆರೆಯಲ್ಲಿ ಮುಳುಗಿ ಬೆಳೆಯುವ ಹೈಡ್ರಿಲ್ಲ ಗಿಡದಲ್ಲಿ ನೋಡಬಹುದು. ಅದರ ಎಲೆಯ ದಪ್ಪವು ಎರಡೇ ಕೋಶಗಳು. ಎಲೆಯೆಲ್ಲವೂ ಸಿಪ್ಪೆಯೇ ಎಂದರೂ ಸಲ್ಲುವುದು. ಆರಿಹೋಗುವ ಭಯವಿಲ್ಲ, ನೀರೊಳಗೆ ಬೆಳಕೂ ಕಡಿಮೆ. ಆದುದರಿಂದ ಆ ಎರಡು ಪದರಗಳ ಕೋಶಗಳಲ್ಲಿಯೂ ಹಸುರುಕಣಗಳು ತುಂಬಿರುತ್ತವೆ. ಸ್ವಲ್ಪ ಹೊತ್ತು ತಾಳ್ಮೆಯಿಂದ ನೋಡುತ್ತಿದ್ದರೆ ಅವು ಕೋಶದ ಗೋಡೆಯ ಸುತ್ತಲೂ ಮೆರವಣಿಗೆ ಹೊರಟಂತೆ ಸಾಗುವುದು ಕಾಣುತ್ತದೆ. ನೀರುಳ್ಳಿಯ ಪೊರೆಯನ್ನು ತೋರಿಸಿದ ದಿನವೇ ಹೈಡ್ರಿಲ್ಲದ ಒಂದು ಎಲೆಯನ್ನೂ ತೋರಿಸಿದರೆ ಮಕ್ಕಳ ಅರ್ಧ ಸಂಶಯವು ತೀರುವುದೆಂಬುದು ನನ್ನ ಅಭಿಪ್ರಾಯ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಉಪಾಧ್ಯಾಯಿನಿಯರಾದವರು ಇದನ್ನು ಪರೀಕ್ಷಿಸಿ ನೋಡಬಹುದು.

ಹಾಗಾದರೆ ಗಿಡವು ತನ್ನ ಎಲ್ಲಾ ಕೋಶಗಳಲ್ಲಿಯೂ ಹಸುರುಕಣಗಳನ್ನು ಇಟ್ಟುಕೊಂಡಿದ್ದರೆ ನಷ್ಟವೇನು? ನಷ್ಟವು ದೊಡ್ಡದು. ಎಲೆಯಲ್ಲಿರುವ ಸಾರಜನಕದ ಸುಮಾರು ಮುಕ್ಕಾಲು ಪಾಲು ಈ ಕಣಗಳಲ್ಲಿಯೇ ಅಡಗಿದೆ. ಮಣ್ಣಿನಿಂದ ಸಾರಜನಕವನ್ನು ಸಂಪಾದಿಸುವುದು ಎಷ್ಟು ಕಷ್ಟವೆಂಬುದನ್ನು ಗೊಬ್ಬರವನ್ನು ಕೊಂಡು ತರುವ ರೈತನು ಬಲ್ಲನು. ಬೆಳಕು ಸೇರದ ಬೇರಿನಲ್ಲಿಯೂ ಕಾಂಡದ ತಿರುಳಿನಲ್ಲಿಯೂ ಇಂತಹ ಬೆಲೆಬಾಳುವ ಯಂತ್ರಗಳನ್ನು ಕಟ್ಟಿ ಸುಮ್ಮನೆ ಇಡುವುದು ಕತ್ತಲಕೋಣೆಯಲ್ಲಿ ಗಡಿಯಾರವನ್ನು ತೂಗಹಾಕಿದಂತೆ. ಸೃಷ್ಟಿಯಲ್ಲಿ ಇಂತಹ ದುಂದುವೆಚ್ಚವು ಬಹುಕಾಲ ನಿಲ್ಲುವುದಿಲ್ಲ. ಆದರೆ ಗಿಡವು ಆ ಕೋಶಗಳನ್ನು ಪೂರ್ತಿಯಾಗಿ ಬರಿಗೈಯಲ್ಲಿಯೂ ಬಿಟ್ಟಿಲ್ಲ. ಬೆಳೆಯುವ ಕುಡಿಯ ಎಳೆಯ ಕೋಶಗಳಲ್ಲಿ ಬಣ್ಣವಿಲ್ಲದ ಸಣ್ಣ ಮೂಲಕಣಗಳಿರುತ್ತವೆ. ಕೋಶವು ಎಲೆಯ ಒಳಪದರಕ್ಕೆ ಸೇರಿ ಬೆಳಕನ್ನು ಕಂಡರೆ ಅವು ಹಸುರುಕಣಗಳಾಗುತ್ತವೆ. ಬೇರಿಗೋ ಗಡ್ಡೆಗೋ ಸೇರಿದರೆ ಪಿಷ್ಟವನ್ನು ಕೂಡಿಡುವ ಬಿಳಿಯ ಕಣಗಳಾಗಿ ನಿಲ್ಲುತ್ತವೆ. ಹೂವಿನ ಎಸಳಿಗೆ ಸೇರಿದರೆ ಎಷ್ಟೋ ಗಿಡಗಳಲ್ಲಿ ಹಳದಿ ಅಥವಾ ಕಿತ್ತಳೆ ಬಣ್ಣದ ಕಣಗಳಾಗುತ್ತವೆ. ಒಂದೇ ತಾಯಿಯ ಮಕ್ಕಳು ಬೇರೆ ಬೇರೆ ಉದ್ಯೋಗಗಳನ್ನು ಹಿಡಿದ ಹಾಗೆ. ನೀರುಳ್ಳಿಯ ಪೊರೆಯ ಕೋಶದಲ್ಲಿಯೂ ಇಂತಹ ಬಣ್ಣವಿಲ್ಲದ ಕಣಗಳಿವೆ. ಶಾಲೆಯ ಯಂತ್ರದಲ್ಲಿ ಅವು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಪುಸ್ತಕದ ಹಸುರು ಎಲ್ಲಿ ಎಂದು ಕೇಳಿದ ಹುಡುಗಿಗೆ ಪೂರ್ಣವಾದ ಉತ್ತರವು ಇದು: ಆ ಕೋಶವು ಕತ್ತಲೆಯಲ್ಲಿ ಬೆಳೆದದ್ದು, ಅದರ ಮೇಲೆ ಸಿಪ್ಪೆಯ ಕೋಶವೂ ಹೌದು, ಹಸುರಾಗದಿರಲು ಅದಕ್ಕೆ ಎರಡು ಕಾರಣಗಳಿವೆ.

ಬೆಳಕು ತಾಗಿದರೆ ಬಿಳಿಯ ಕಣವೂ ಹಸುರಾಗಬಲ್ಲದೆಂಬುದಕ್ಕೆ ಅಡಿಗೆಯ ಮನೆಯಲ್ಲಿಯೇ ನಿದರ್ಶನವಿದೆ. ಹೆಸರುಕಾಳನ್ನು ಬಟ್ಟೆಯಲ್ಲಿ ಕಟ್ಟಿ ಕತ್ತಲೆಯಲ್ಲಿ ಮೊಳೆಯಿಸಿದರೆ ಅದರ ಎಳೆಯ ಎಲೆಗಳು ಹಳದಿಯಾಗಿರುತ್ತವೆ. ಬಿಸಿಲಿಗೆ ತಂದಿಟ್ಟರೆ ಕೆಲವು ಗಂಟೆಗಳಲ್ಲಿ ಹಸುರು ಏರುತ್ತದೆ. ಹೂ ಬಿಡುವ ಗಿಡಗಳಲ್ಲಿ ಪತ್ರಹರಿತ್ತಿನ ತಯಾರಿಯ ಒಂದು ಮೆಟ್ಟಲು ಬೆಳಕಿಲ್ಲದೆ ನಡೆಯದು. ಬಟಾಟೆಯನ್ನು ಬೆಳಕಿನಲ್ಲಿ ಬಹುದಿನ ಇಟ್ಟರೆ ಸಿಪ್ಪೆಯ ಕೆಳಗೆ ಹಸುರು ಹುಟ್ಟುವುದೂ ಹೀಗೆಯೇ. ಇಲ್ಲಿ ಗೃಹಿಣಿಯರು ತಿಳಿದಿರಬೇಕಾದ ಒಂದು ಸಂಗತಿಯುಂಟು. ಆ ಹಸುರು ತಾನಾಗಿ ವಿಷವಲ್ಲ, ಸೊಪ್ಪಿನಲ್ಲಿರುವುದೂ ಅದೇ. ಆದರೆ ಬಟಾಟೆಯು ಬೆಳಕನ್ನು ಕಂಡಾಗ ಹಸುರಿನ ಜೊತೆಯಲ್ಲಿ ಸೋಲನಿನ್ ಎಂಬ ಕಹಿಯಾದ ವಿಷದ್ರವ್ಯವೂ ಹೆಚ್ಚುತ್ತದೆ; ಬೇಯಿಸಿದರೂ ಅದು ಹೋಗುವುದಿಲ್ಲ. ಸ್ವಲ್ಪ ಹಸುರಾಗಿದ್ದರೆ ಆ ಭಾಗವನ್ನು ದಪ್ಪವಾಗಿ ಕೆತ್ತಿ ತೆಗೆಯಬೇಕು. ಬಹಳ ಹಸುರಾಗಿದ್ದರೆ ಅಥವಾ ಕಹಿಯಾಗಿದ್ದರೆ ಮಕ್ಕಳಿಗೆ ಬಡಿಸದೆ ಬಿಸಾಡಬೇಕು. ಬಟಾಟೆಯನ್ನು ಕತ್ತಲಾದ ಸ್ಥಳದಲ್ಲಿಡುವುದು ಇನ್ನೂ ಉತ್ತಮ.

ಕೆಂಪು ಹರಿವೆಯಲ್ಲಿ ಹಸುರಿಲ್ಲವೇ ಎಂದು ಕೇಳುವವರಿದ್ದಾರೆ. ಆ ಸೊಪ್ಪನ್ನು ಬೇಯಿಸುವಾಗ ಪಾತ್ರೆಯನ್ನು ನೋಡಿದರೆ ಸಾಕು. ಕೆಂಪೆಲ್ಲವೂ ನೀರಿಗೆ ಇಳಿದು, ಮರೆಯಲ್ಲಿದ್ದ ಹಸುರು ಎಲೆಯಲ್ಲಿ ಉಳಿಯುತ್ತದೆ. ಕೆಂಪು ಬಣ್ಣವು ಕೋಶರಸದಲ್ಲಿ ಕರಗಿರುವಂತಹದು. ಹಸುರು ಕಣಗಳಿಗೆ ಅಂಟಿಕೊಂಡಿರುವಂತಹದು.

ಎಲೆಯನ್ನು ಬಿಟ್ಟು ಬೇರೆ ಅಂಗಗಳಲ್ಲಿಯೂ ಹಸುರುಕಣಗಳು ಉಂಟೋ ಎಂದರೆ, ಬೆಳಕು ಬೀಳುವಲ್ಲೆಲ್ಲಾ ಉಂಟೆಂದೇ ಹೇಳಬೇಕು. ಪಾಪಾಸುಕಳ್ಳಿಯ ಎಲೆಗಳು ಮುಳ್ಳುಗಳಾಗಿವೆ. ಹಲಗೆಯಂತಿರುವ ಹಸುರು ಭಾಗವು ಕಾಂಡ. ಕಡಲತೀರದ ಗಾಳಿಮರದಲ್ಲಿ ನಾವು ಎಲೆಯೆಂದು ತಿಳಿದಿರುವ ಸೂಜಿಗಳು ನಿಜವಾಗಿ ಹಸುರು ಕಡ್ಡಿಗಳು. ಎಲೆಗಳು ಅವುಗಳ ಗಿಣ್ಣುಗಳಲ್ಲಿ ಹಲ್ಲುಗಳಷ್ಟು ಸಣ್ಣದಾಗಿ ಅಡಗಿವೆ. ಒಂದು ನುಗ್ಗೆಯ ಕೊಂಬೆಯನ್ನು ಉಗುರಿನಿಂದ ಕೆರೆದರೆ ಕಂದು ತೊಗಟೆಯ ಕೆಳಗೆ ಹಸುರು ಪದರವು ಕಾಣುವುದು. ಕೊಂಬೆಯು ಒಣಗಿದೆಯೋ ಬದುಕಿದೆಯೋ ಎಂದು ತೋಟದವರು ನೋಡುವುದೂ ಹೀಗೆಯೇ ಅಲ್ಲವೇ? ಎಳೆಯ ಮೆಣಸಿನಕಾಯಿಯ ಹಸುರೂ ಇದೇ ಕಣಗಳದ್ದು. ಹಣ್ಣಾಗುವಾಗ ಅವು ತಮ್ಮ ಪತ್ರಹರಿತ್ತನ್ನು ಕಳೆದುಕೊಂಡು ಕೆಂಪು ಕಣಗಳಾಗಿ ಮಾರ್ಪಡುತ್ತವೆ. ಕೋಡಿನೊಳಗಿರುವ ಹಸಿ ಬಟಾಣಿಗೂ ಕೋಡಿನ ಗೋಡೆಯನ್ನು ದಾಟಿದ ಮಂದ ಬೆಳಕು ಸಾಕಾಗುತ್ತದೆ.

ಬೇರುಗಳಲ್ಲಿ ಹಸುರಿರುವುದೇ ಇಲ್ಲವೆಂಬ ಮಾತನ್ನು ಮಾತ್ರ ಯಾರೂ ಹೇಳಬಾರದು. ಅಮೃತಬಳ್ಳಿಯು ಮರದಿಂದ ಇಳಿಬಿಡುವ ದಾರದಂತಹ ಬೇರುಗಳು ಹಸುರಾಗಿರುತ್ತವೆ. ಮರಗಳ ಮೇಲೆ ಬೆಳೆಯುವ ವ್ಯಾಂಡ ಮುಂತಾದ ಆರ್ಕಿಡ್‌ಗಳ ಬೇರುಗಳು ಒಣಗಿರುವಾಗ ಬೆಳ್ಳಗೆ ತೋರುತ್ತವೆ. ಮಳೆ ಬಿದ್ದಕೂಡಲೇ ಹೊರಗಿನ ಪೊರೆಯು ನೀರನ್ನು ಹೀರಿ ಪಾರದರ್ಶಕವಾಗಿ ಒಳಗಿನ ಹಸುರನ್ನು ತೋರಿಸುತ್ತದೆ. ಟೀನಿಯೋಫಿಲಮ್ ಎಂಬ ಪುಟ್ಟ ಆರ್ಕಿಡ್‌ಗಂತೂ ಎಲೆಗಳೇ ಇಲ್ಲವೆನ್ನಬಹುದು. ಬೇರೇ ಅದಕ್ಕೆ ಎಲೆಯ ಕೆಲಸವನ್ನು ಮಾಡುತ್ತದೆ. ಪಶ್ಚಿಮಘಟ್ಟದ ಹೊಳೆಗಳಲ್ಲಿ ರಭಸದ ನೀರಿನ ಕೆಳಗೆ ಬಂಡೆಗಳಿಗೆ ಅಂಟಿಕೊಂಡು ಪಾಚಿಯಂತೆ ಕಾಣುವ ಗಿಡಗಳಿವೆ. ಅವು ಪಾಚಿಯಲ್ಲ, ಹೂ ಬಿಡುವ ಪೊಡೊಸ್ಟೆಮೇಸೀ ಎಂಬ ಕುಟುಂಬದವು. ಬಂಡೆಯ ಮೇಲೆ ಹಬ್ಬಿದ ಆ ಹಸುರು ಪಟ್ಟಿಗಳು ಹಲವು ಜಾತಿಗಳಲ್ಲಿ ಬೇರುಗಳೇ. ಇದಕ್ಕೆ ಪ್ರತಿಯಾಗಿ, ಬೇಲಿಯ ಮೇಲೆ ಹಳದಿ ನೂಲಿನಂತೆ ಹಬ್ಬುವ ಕಸ್ಕ್ಯೂಟ ಬಳ್ಳಿಯು ಬಿಸಿಲಿನಲ್ಲಿಯೇ ಇದ್ದರೂ ಬಹುಮಟ್ಟಿಗೆ ಹಸುರಿಲ್ಲದ್ದು. ಆಶ್ರಯಕೊಟ್ಟ ಗಿಡದ ರಸವನ್ನು ಹೀರಿ ಬದುಕುವುದಕ್ಕೆ ಸ್ವಂತ ಅಡಿಗೆಮನೆಯು ಯಾಕೆ?

ನಮ್ಮ ನಾಡಿನವರು ಗಮನಕೊಟ್ಟು ಕೇಳಬೇಕಾದ ಸಂಗತಿಯು ರಾಗಿಯ ಎಲೆಯಲ್ಲಿದೆ. ಭತ್ತದ ಎಲೆಯನ್ನು ಅಡ್ಡಕ್ಕೆ ತೆಳ್ಳಗೆ ಕೊಯ್ದು ನೋಡಿದರೆ ಹಸುರುಕಣಗಳು ನರಗಳ ನಡುವಿನ ಕೋಶಗಳಲ್ಲಿ ತುಂಬಿರುತ್ತವೆ. ನರವನ್ನು ಸುತ್ತಿದ ಕೋಶಗಳಲ್ಲಿ ಅವು ಕಡಿಮೆ. ರಾಗಿ, ಜೋಳ, ಮೆಕ್ಕೆಜೋಳ, ಕಬ್ಬುಗಳ ಎಲೆಯಲ್ಲಾದರೆ ಪ್ರತಿಯೊಂದು ನರದ ಸುತ್ತಲೂ ದೊಡ್ಡ ಕೋಶಗಳ ಒಂದು ಬಳೆಯಿದ್ದು, ಅದರಲ್ಲಿಯೂ ಹಸುರುಕಣಗಳು ದಟ್ಟವಾಗಿರುತ್ತವೆ. ಆ ಬಳೆಯ ಸುತ್ತ ಎರಡನೆಯ ಸಾಲು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹಾಬರ್‌ಲ್ಯಾಂಟ್ ಎಂಬ ಸಸ್ಯಶಾಸ್ತ್ರಜ್ಞನು ಇದನ್ನು ಹೂವಿನ ಹಾರಕ್ಕೆ ಹೋಲಿಸಿದನು. ಹಾರದ ಪ್ರಯೋಜನವು ತಿಳಿಯಲು ಬಹುಕಾಲ ಹಿಡಿಯಿತು. ಹವಾಯಿ ದ್ವೀಪಗಳಲ್ಲಿ ಕಬ್ಬಿನ ಮೇಲೆ ನಡೆದ ಶೋಧನೆಗಳನ್ನು ಮುಂದುವರಿಸಿ ಆಸ್ಟ್ರೇಲಿಯಾದ ಹ್ಯಾಚ್ ಮತ್ತು ಸ್ಲ್ಯಾಕ್ ಎಂಬವರು 1966ರಲ್ಲಿ ಅದರ ರಹಸ್ಯವನ್ನು ಬಿಡಿಸಿದರು.

ಆ ರಹಸ್ಯವನ್ನು ಸುಲಭವಾಗಿ ಹೇಳುವುದಾದರೆ ಹೀಗೆ. ಇಂಗಾಲಾಮ್ಲವಾಯುವನ್ನು ಹಿಡಿಯುವ ರುಬಿಸ್ಕೊ ಎಂಬ ದ್ರವ್ಯಕ್ಕೆ ಒಂದು ದೌರ್ಬಲ್ಯವಿದೆ. ಬಿಸಿಲು ಹೆಚ್ಚಾಗಿ, ನೀರನ್ನು ಉಳಿಸಲು ಎಲೆಯ ಬಾಗಿಲುಗಳು ಮುಚ್ಚಿಕೊಂಡಾಗ, ಅದು ಇಂಗಾಲಾಮ್ಲವಾಯುವಿನ ಬದಲು ಆಮ್ಲಜನಕವನ್ನು ಹಿಡಿದುಬಿಡುತ್ತದೆ. ಇದರಿಂದ ಭತ್ತದಂತಹ ಗಿಡವು ಗಳಿಸಿದುದರಲ್ಲಿ ಕೆಲವೊಮ್ಮೆ ಕಾಲುಪಾಲಿನಷ್ಟು ಕಳೆದುಹೋಗುವುದುಂಟು. ರಾಗಿಯ ಎಲೆಯಲ್ಲಿ ಕೆಲಸವನ್ನು ಇಬ್ಬರಿಗೆ ಹಂಚಿದೆ. ಹೊರಸಾಲಿನ ಕೋಶಗಳು ಎಂದಿಗೂ ತಪ್ಪದ ಬೇರೊಂದು ದ್ರವ್ಯದಿಂದ ವಾಯುವನ್ನು ಹಿಡಿದು, ಆಮ್ಲರೂಪದಲ್ಲಿ ಒಳಗಿನ ಬಳೆಗೆ ಸಾಗಿಸುತ್ತವೆ. ಬಳೆಯ ಕೋಶಗಳಲ್ಲಿ ಆ ವಾಯುವು ಮತ್ತೆ ಬಿಡುಗಡೆಯಾಗಿ ದಟ್ಟವಾಗಿ ತುಂಬಿಕೊಳ್ಳುವುದರಿಂದ, ಅಲ್ಲಿಯೇ ಇರುವ ರುಬಿಸ್ಕೊವಿಗೆ ತಪ್ಪುವ ಅವಕಾಶವು ಬಲು ಕಡಿಮೆ. ಬಾಗಿಲನ್ನು ಸ್ವಲ್ಪವೇ ತೆರೆದರೂ ಸಾಕಾಗುತ್ತದೆ, ನೀರು ಉಳಿಯುತ್ತದೆ. ಕೋಲಾರ ತುಮಕೂರುಗಳ ಮಳೆ ಕಡಿಮೆಯಾದ ಹೊಲಗಳಲ್ಲಿ ರಾಗಿಯೂ, ಬಿಜಾಪುರದ ಎರೆಭೂಮಿಯಲ್ಲಿ ಜೋಳವೂ ಜನರಿಗೆ ಅನ್ನವಾಗಿ ನಿಂತಿರುವುದಕ್ಕೆ ಇರುವ ಕಾರಣಗಳಲ್ಲಿ, ಹಸುರುಕಣಗಳು ನರದ ಸುತ್ತ ಬಳೆಗಟ್ಟಿ ಕುಳಿತಿರುವುದೂ ಒಂದು. ಕಣಗಳು ಎಲ್ಲಿವೆಯೆಂಬ ಪ್ರಶ್ನೆಯು ಬರಿಯ ಪರೀಕ್ಷೆಯ ಪ್ರಶ್ನೆಯೆಂದು ಭಾವಿಸುವವರು ಇದನ್ನು ಯೋಚಿಸಬೇಕು.

ಕೊನೆಗೆ, ಈ ಕಣಗಳು ಬರುವುದೆಲ್ಲಿಂದ? ಗಿಡದ ಕೋಶವು ಇವುಗಳನ್ನು ಹೊಸದಾಗಿ ಉಂಟುಮಾಡಲಾರದು. ಇದ್ದ ಕಣವೇ ಇಬ್ಭಾಗವಾಗಿ ಎರಡಾಗಬೇಕು. ನೂರು ಕೋಟಿ ವರ್ಷಗಳಿಗಿಂತಲೂ ಹಿಂದೆ ಸ್ವತಂತ್ರವಾಗಿ ಬದುಕುತ್ತಿದ್ದ ನೀಲಹಸುರು ಜೀವಿಯೊಂದು ಬೇರೊಂದು ಕೋಶದೊಳಗೆ ಸೇರಿ ಅಲ್ಲಿಯೇ ನೆಲೆಗೊಂಡಿತೆಂದು ರಶಿಯದ ಮೆರೆಷ್ಕೋವ್‌ಸ್ಕಿಯು 1905ರಲ್ಲಿ ಸೂಚಿಸಿದನು. ಅಮೆರಿಕದ ಲಿನ್ ಮಾರ್ಗುಲಿಸ್ ಎಂಬ ವಿದುಷಿಯು 1967ರಲ್ಲಿ ಆ ಸೂಚನೆಯನ್ನು ಪುನಃ ಎತ್ತಿಹಿಡಿದ ಮೇಲೆ ಅದು ವಿದ್ವಾಂಸರಿಗೆ ಸಮ್ಮತವಾಯಿತು. ಹಸುರುಕಣಗಳಿಗೆ ತಮ್ಮದೇ ಆದ ಡಿಎನ್‌ಎ ಇರುವುದು ಇದಕ್ಕೆ ಬಲವಾದ ಆಧಾರ. 1986ರಲ್ಲಿ ಜಪಾನಿನವರು ಹೊಗೆಸೊಪ್ಪಿನ ಹಸುರುಕಣದ ಡಿಎನ್‌ಎಯನ್ನು ಪೂರ್ತಿಯಾಗಿ ಓದಿದರು.

ಹೂ ಬಿಡುವ ಹೆಚ್ಚಿನ ಗಿಡಗಳಲ್ಲಿ ಈ ಸೊತ್ತು ಮುಂದಿನ ಪೀಳಿಗೆಗೆ ಬರುವುದು ತಾಯಿಯಿಂದ ಮಾತ್ರ. ಪೈನ್ ಮುಂತಾದ ಮರಗಳಲ್ಲಿ ತಂದೆಯಿಂದ ಬರುವುದುಂಟು. ಅದು ಬೇರೆ ಮಾತು. ಜರ್ಮನಿಯ ಕಾರೆನ್ಸ್ ಎಂಬವನು 1909ರಲ್ಲಿ ಇದನ್ನು ಕಂಡುಕೊಂಡದ್ದು ನಮ್ಮ ಮನೆಗಳ ಅಂಗಳದಲ್ಲಿ ಸಂಜೆಯ ಹೊತ್ತು ಅರಳುವ ಸಂಜೆಮಲ್ಲಿಗೆಯಲ್ಲಿ. ಆ ಜಾತಿಯ ಕೆಲವು ಗಿಡಗಳಲ್ಲಿ ಹಸುರು ಕೊಂಬೆ, ಬಿಳಿ ಕೊಂಬೆ, ಹಸುರು ಬಿಳಿ ಬೆರೆತ ಕೊಂಬೆ ಮೂರೂ ಇರುತ್ತವೆ. ಪರಾಗವು ಯಾವ ಕೊಂಬೆಯಿಂದ ಬಂದರೂ ಸರಿಯೇ, ಹಸುರು ಕೊಂಬೆಯ ಹೂವಿನಲ್ಲಿ ಕಟ್ಟಿದ ಬೀಜದಿಂದ ಹಸುರು ಸಸಿ, ಬಿಳಿಯ ಕೊಂಬೆಯ ಬೀಜದಿಂದ ಬಿಳಿಯ ಸಸಿ. ಬೆರೆತ ಕೊಂಬೆಯ ಬೀಜದಿಂದ ಮೂರು ಬಗೆಯವೂ ಹುಟ್ಟುವುವು. ಬಿಳಿಯ ಸಸಿಗಳು ತಾಯಿಯು ಬೀಜದಲ್ಲಿ ಕಟ್ಟಿಕೊಟ್ಟ ಬುತ್ತಿಯು ತೀರುವ ತನಕ ಉಳಿದವುಗಳಂತೆಯೇ ಬೆಳೆಯುತ್ತವೆ. ಆ ಬಳಿಕ ಬಿಸಿಲಿನಲ್ಲಿಯೇ ನಿಂತು ಹಸಿವಿನಿಂದ ಬಾಡಿಹೋಗುತ್ತವೆ.